ಹೆಚ್ಚಾಗೈತಿ

ಡಬ್ಬಿಯಲ್ಲಿ ಅಕ್ಕಿ ತೀರಿದರೆ
ನಮ್ಮಜ್ಜಿ ತೀರಿತು ಅನ್ನುತ್ತಿರಲಿಲ್ಲ.
ಅಕ್ಕಿ ಹೆಚ್ಚಾಗೈತಿ, ಅನ್ನುತ್ತಿದ್ದಳು,
ಮನೆಯೊಳಗೆ ಇಲ್ಲ ಅನ್ನೋ ಮಾತು ಓಡಾಡಬಾರದು ಅಂತ.
ಬಳೆ ಒಡೆದರೂ ಅಷ್ಟೇ, ಎಣ್ಣೆ ಮುಗಿದರೂ ಅಷ್ಟೇ.

ಬಳ್ಳಾರಿಯ ಸಿರುಗುಪ್ಪ ರಸ್ತೆಯ ಈ ದೊಡ್ಡ ಅಂಗಡಿಗೆ ಸೇರಿದ ದಿನ
ಟ್ರೇನಿಂಗ್ ಕೊಟ್ಟ ಹುಡುಗನೂ ಅದನ್ನೇ ಹೇಳಿದ,
ಟೈ ಕಟ್ಟಿಕೊಂಡು.
ಗಿರಾಕಿಗೆ ಇಲ್ಲ ಅನ್ನಬಾರದು, ಎರ್ರೆಮ್ಮ.
ಬರ್ತಾ ಇದೆ ಅನ್ನು. ನಗು.

ಆಗ ಹದಿನಾಲ್ಕು ಮಂದಿ ಇದ್ದೆವು.
ಈಗ ನಾನು, ಶೇಕ್ಷಾವಲಿ, ಬಾಗಿಲಲ್ಲಿ ಒಬ್ಬ ತಾತ,
ಹೋಗುವವರ ಬಿಲ್ಲಿನ ಮೂಲೆ ಹರಿಯುವವನು.
ಆರು ಕೌಂಟರು. ಐದಕ್ಕೆ ಬಟ್ಟೆ ಹೊದಿಸಿದೆ, ಆರನೆಯದಕ್ಕೆ ನಾನು.
ಬಿಲ್ಲು ಹೊಡೆಯುವಾಗಲೇ ಯಾರೋ ಬದನೆಕಾಯಿ ತೂಗು ಅನ್ನುತ್ತಾರೆ,
ತೂಗಲು ಹೋದರೆ ಇಲ್ಲಿ ಸಾಲು ಗೊಣಗುತ್ತದೆ,
ಮ್ಯಾನೇಜರನ್ನು ಕರಿ ಅನ್ನುತ್ತದೆ.
ನಮ್ಮ ಮ್ಯಾನೇಜರು ಹೊಸಪೇಟೆಗೂ ಮ್ಯಾನೇಜರು,
ಈ ಹೊತ್ತು ಅಲ್ಲಿ ನೆಲ ಒರೆಸುತ್ತಿರಬಹುದು.
ಮೇಲಿನ ಸ್ಪೀಕರಿಗೆ ಮಾತ್ರ ದಣಿವಿಲ್ಲ,
ಒಂದು ಕೊಂಡರೆ ಒಂದು ಉಚಿತ ಅಂತ ಕೂಗುತ್ತಲೇ ಇರುತ್ತದೆ,
ಇರುವುದೇ ಒಂದಾದರೂ.

ಲಾರಿ ಬುಧವಾರ ಬರುತ್ತದೆ. ಯಾವ ಬುಧವಾರ ಅಂತ
ಶೇಕ್ಷಾವಲಿ ಕೇಳುವುದು ಬಿಟ್ಟಿದ್ದಾನೆ.
ಬೆಳಿಗ್ಗೆ ಒಂಬತ್ತೂವರೆಗೆ ನಾವಿಬ್ಬರೂ
ಕಪಾಟಿಗೆ ಮುಖ ಮಾಡುತ್ತೇವೆ.
ಅದು ಇಲ್ಲಿನ ಮಾತು. ಹಿಂದಿದ್ದದ್ದನ್ನೆಲ್ಲ ಅಂಚಿಗೆ ಎಳೆದು
ಒಂದೇ ಸಾಲು, ಹೆಸರು ಹೊರಗೆ ಕಾಣುವಂತೆ,
ಶಾಂಪೂವಿಗೂ ಶಾಂಪೂವಿಗೂ ನಡುವೆ ಒಂದು ಗೇಣು.
ಹಿಂದೆ ಕತ್ತಲು. ಕೈ ಹಾಕಿದರೆ ತಗಡು ತಣ್ಣಗೆ ತಾಗುತ್ತದೆ,
ಈ ಊರಿನ ಮೇ ತಿಂಗಳಲ್ಲಿ ತಣ್ಣಗಿರುವುದು ಅದೊಂದೇ.
ಬಿಸ್ಕತ್ತಿಲ್ಲದ ಕಡೆ ಫಿನಾಯಿಲು ನಿಲ್ಲಿಸು,
ಬೇಳೆಯಿಲ್ಲದ ಕಡೆಯೂ ಫಿನಾಯಿಲು.
ಹತ್ತಕ್ಕೆ ಮೇಲಿನವರಿಗೆ ಫೋಟೋ ಹೋಗಬೇಕು,
ಓರೆಯಾಗಿ ನಿಂತು ಹೊಡೆದರೆ ತುಂಬಿದ ಹಾಗೇ ಕಾಣುತ್ತದೆ.
ಮರಳಿ ಒಂದು ಹೆಬ್ಬೆರಳು ಬರುತ್ತದೆ, ಹಳದಿ.

ತುಂಬಿದ ಕೊಡ ತುಳುಕುವುದಿಲ್ಲವಂತೆ.
ತುಂಬದ್ದನ್ನು ತುಳುಕದ ಹಾಗೆ ಹೊರುವುದಕ್ಕೆ
ನನಗೆ ತಿಂಗಳಿಗೆ ಒಂಬತ್ತು ಸಾವಿರದ ಎಂಟುನೂರು.

ಇಪ್ಪತ್ತೈದು ಕಿಲೋ ಅಕ್ಕಿ ಚೀಲಗಳಿದ್ದ ಕೆಳಗಿನ ಖಾನೆ
ಫೋಟೋದಲ್ಲಿ ಬರುವುದಿಲ್ಲ. ಮಧ್ಯಾಹ್ನ ಮೂರಕ್ಕೆ
ಶೇಕ್ಷಾವಲಿ ಅದರೊಳಗೆ ಮಲಗುತ್ತಾನೆ, ಮೊಣಕಾಲು ಮಡಿಸಿ,
ಹತ್ತು ನಿಮಿಷ. ಮೊನ್ನೆ ಒಂದು ಮಗು
ತಳ್ಳುಗಾಡಿಯಿಂದ ಬಗ್ಗಿ ನೋಡಿ
ಅಮ್ಮ, ಇದೆಷ್ಟು? ಅಂತ ಕೇಳಿತು.

ಅದೇ ದಿನವೇ ಇರಬೇಕು, ಕೌಲ್ ಬಜಾರಿನ ಕಡೆಯ ಮುದುಕಿಯೊಬ್ಬಳು
ತೊಗರಿಬ್ಯಾಳಿ ಎಲ್ಲೈತಿ ಅಂದಳು.
ಬರ್ತಾ ಇದೆ ಅನ್ನಬೇಕಿತ್ತು. ಬಾಯಿಗೆ ಬಂದದ್ದು
ಬ್ಯಾಳಿ ಹೆಚ್ಚಾಗೈತಿ, ಅಜ್ಜಿ.
ಅವಳು ಫಿನಾಯಿಲಿನ ಸಾಲನ್ನು ಉದ್ದಕ್ಕೂ ನೋಡಿದಳು,
ಬಟ್ಟೆ ಹೊದ್ದ ಐದು ಕೌಂಟರು ನೋಡಿದಳು,
ಸೆರಗು ಬಾಯಿಗಿಟ್ಟು ನಕ್ಕಳು.
ಭಾರಿ ಹೆಚ್ಚಾಗೈತಲ್ಲ ಮಗಳೇ, ನಿಮ್ಮನಿಯಾಗ!

ನಾನೂ ನಕ್ಕೆ. ಆಮೇಲೆ ನೆನಪಾಯಿತು,
ಯುಗಾದಿಯ ಮರುವಾರ ಗಾದಿಲಿಂಗನನ್ನೂ ಉಳಿದ ಹತ್ತು ಮಂದಿಯನ್ನೂ
ಸ್ಟೋರ್ ರೂಮಿಗೆ ಕರೆದು ಓದಿದ ಕಾಗದ.
ಅದರಲ್ಲೂ ಇದೇ ಮಾತಿತ್ತು.
ಸಿಬ್ಬಂದಿ ಹೆಚ್ಚಾಗಿದೆ.

ನಿನ್ನೆ ಸಂಜೆ ಗಾದಿಲಿಂಗ ಬಂದಿದ್ದ, ಗಿರಾಕಿಯಾಗಿ.
ಸೋಪಿನ ಸಾಲಿನಲ್ಲಿ ನಡೆಯುತ್ತ, ತನಗೇ ಗೊತ್ತಿಲ್ಲದೆ
ಒಂದೊಂದನ್ನೇ ಅಂಚಿಗೆ ಎಳೆಯುತ್ತ, ಹೆಸರು ತಿರುಗಿಸುತ್ತ.
ಕೌಂಟರಿಗೆ ತಂದದ್ದು ಒಂದು ಕಡ್ಡಿಪೆಟ್ಟಿಗೆ.
ಎರಡು ರೂಪಾಯಿ. ಚೀಲ ಬೇಕಾ ಅಂತ
ಕೇಳಲೇಬೇಕು, ಕೇಳಿದೆ.
ಬ್ಯಾಡ, ಅಂದ.
ಬಾಗಿಲಲ್ಲಿ ತಾತ
ಅವನ ಬಿಲ್ಲನ್ನು ತಿರುವಿ ತಿರುವಿ ನೋಡಿ
ಹರಿಯದೆ ವಾಪಸು ಕೊಟ್ಟ.